ಬೆಂದ ಪಾಲಕ್, ಬೆಂದ ದಂಟಿನ ಸೊಪ್ಪು: ತಟ್ಟೆಗೆ ಬಂದಾಗ ಯಾವುದು ಗಟ್ಟಿ?

ತಕ್ಕಡಿ_ಮುಳ್ಳು:
ಪಾಲಕ್ ಮೇಲೋ ದಂಟು ಮೇಲೋ ಅನ್ನೋ ವಾದ ಆಗಾಗ ಏಳ್ತಾನೇ ಇರುತ್ತೆ, ಪ್ರತಿ ಸಲವೂ ಹಸಿ ಸೊಪ್ಪಿನ ಅಂಕಿ ಹಿಡ್ಕೊಂಡೇ ಜಗಳ. ದಂಟಿನ ಸೊಪ್ಪನ್ನ ನಮ್ಮಲ್ಲಿ ಯಾರೂ ಹಸೀದು ತಿನ್ನಲ್ಲ. ಹಾಗಾಗಿ ಈ ಎಳೆಯಲ್ಲಿ ಬೆಂದದ್ದರ ಲೆಕ್ಕ ಮಾತ್ರ ಇರಲಿ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಲ್ಲಿ ಎರಡಕ್ಕೂ 'ನೀರಲ್ಲಿ ಬೇಯಿಸಿ ಬಸಿದದ್ದು, ಉಪ್ಪಿಲ್ಲದ್ದು' ಅನ್ನೋ ಸಾಲು ಇದೆ. 100 ಗ್ರಾಂಗೆ, ಮೊದಲು ಪಾಲಕ್, ಆಮೇಲೆ ದಂಟು:

ಶಕ್ತಿ: 23 / 21 ಕಿಲೋ ಕ್ಯಾಲೊರಿ
ಪ್ರೋಟೀನ್: 2.97 / 2.11 ಗ್ರಾಂ
ಕ್ಯಾಲ್ಸಿಯಂ: 136 / 209 ಮಿ.ಗ್ರಾಂ
ಕಬ್ಬಿಣ: 3.57 / 2.26 ಮಿ.ಗ್ರಾಂ
ಮೆಗ್ನೀಸಿಯಂ: 87 / 55 ಮಿ.ಗ್ರಾಂ
ಪೊಟ್ಯಾಸಿಯಂ: 466 / 641 ಮಿ.ಗ್ರಾಂ
ವಿಟಮಿನ್ ಸಿ: 9.8 / 41.1 ಮಿ.ಗ್ರಾಂ
ಫೋಲೇಟ್ (ಆಹಾರದಲ್ಲಿರೋ ಫೋಲಿಕ್ ಆಸಿಡ್ ಬಗೆಯ ವಿಟಮಿನ್): 146 / 57 ಮೈಕ್ರೋಗ್ರಾಂ
ವಿಟಮಿನ್ ಎ: 524 / 139 ಮೈಕ್ರೋಗ್ರಾಂ

ಮೇಲ್ನೋಟಕ್ಕೆ ಕಬ್ಬಿಣ, ಫೋಲೇಟ್, ವಿಟಮಿನ್ ಎ ಪಾಲಕ್ ಕಡೆ. ಕ್ಯಾಲ್ಸಿಯಂ, ವಿಟಮಿನ್ ಸಿ ದಂಟಿನ ಕಡೆ. ಇದನ್ನ ಎಷ್ಟರಮಟ್ಟಿಗೆ ನಂಬಬಹುದು, ಅಡುಗೆಮನೆಗೆ ಬಂದಾಗ ಇದರಲ್ಲಿ ಏನು ಉಳಿಯುತ್ತೆ, ಗೊತ್ತಿರೋರು ಹೇಳಿ.

ಪಥ್ಯದಡುಗೆ:
ಮೊದಲನೇ ಎಚ್ಚರಿಕೆ, ಬಟ್ಟಲಿನ ಲೆಕ್ಕ ಬಿಡಿ. ಇದೇ ಕೋಷ್ಟಕದಲ್ಲಿ ಬೆಂದ ಪಾಲಕ್ ಒಂದು ಕಪ್ ಅಂದ್ರೆ 180 ಗ್ರಾಂ, ಬೆಂದ ದಂಟಿನ ಸೊಪ್ಪು ಒಂದು ಕಪ್ ಅಂದ್ರೆ 132 ಗ್ರಾಂ. ಮೊಬೈಲ್ ಆ್ಯಪ್‌ಗಳಲ್ಲಿ ಕಪ್ ಆಯ್ಕೆ ಮಾಡಿದ್ರೆ ಕಬ್ಬಿಣ 6.4 ಮತ್ತು 3 ಮಿ.ಗ್ರಾಂ ಅಂತ ತೋರಿಸುತ್ತೆ, ಪಾಲಕ್ ಎರಡು ಪಟ್ಟು ಅನ್ನಿಸುತ್ತೆ. ಅದರಲ್ಲಿ ಒಂದು ಪಾಲು ಬರೀ ಪಾಲಕ್ ಮೆತ್ತಗಾಗಿ ಒತ್ತಿಕೊಂಡು ಕೂತದ್ದರಿಂದ ಬಂದದ್ದು. ಹಸಿ ಪಾಲಕ್ ಒಂದು ಕಪ್ ಬರೀ 30 ಗ್ರಾಂ ತೂಗುತ್ತೆ, ಆರು ಕಪ್ ಹಸಿ ಎಲೆ ಸೇರಿದ್ರೆ ಒಂದು ಕಪ್ ಬೆಂದದ್ದರ ತೂಕ.

ಎರಡನೇದು, ಹಸಿ ಪಾಲಕ್‌ನಲ್ಲಿ ಕಬ್ಬಿಣ 2.71, ಬೆಂದದ್ದರಲ್ಲಿ 3.57 ಅಂತಿದೆ. ಬೇಯಿಸಿದ್ರೆ ಕಬ್ಬಿಣ ಹೆಚ್ಚಾಗುತ್ತೆ ಅಂತ ಇದನ್ನೇ ತೋರಿಸಿ ಹಂಚ್ತಾರೆ. ಕಬ್ಬಿಣ ನೀರಲ್ಲಿ ಅಷ್ಟಾಗಿ ಕರಗಲ್ಲ, ಪೊಟ್ಯಾಸಿಯಂ ತರಹದ್ದು ಕರಗಿ ಹೋಗುತ್ತೆ, ಎಲೆಯೂ ಕುಗ್ಗುತ್ತೆ. ಹೋಗದೆ ಉಳಿದದ್ದರ ಪಾಲು 100 ಗ್ರಾಂನಲ್ಲಿ ಏರಿದ ಹಾಗೆ ಕಾಣುತ್ತೆ. ತಂದ ಸೊಪ್ಪಿನ ಕಟ್ಟಿನಲ್ಲಿ ಇದ್ದಷ್ಟೇ ಕಬ್ಬಿಣ ಪಾತ್ರೆಯಲ್ಲಿ.

ರಸಾಯನಿ:
ಕ್ಯಾಲ್ಸಿಯಂ ಸಾಲಿನ ಬಗ್ಗೆ ಮಾತ್ರ ಹೇಳ್ತೀನಿ, ಇಡೀ ಕೋಷ್ಟಕದಲ್ಲಿ ಜನ ಹೆಚ್ಚು ಮೋಸ ಹೋಗೋದು ಅಲ್ಲೇ.

ಪಾಲಕ್ ತುಂಬ ಆಕ್ಸಲೇಟ್ (ಕ್ಯಾಲ್ಸಿಯಂಗೆ ಅಂಟಿಕೊಳ್ಳೋ, ಗಿಡದಲ್ಲೇ ಇರೋ ಆಮ್ಲದ ಅಂಶ) ಇರೋ ಸೊಪ್ಪು. ಹಸಿ ಎಲೆಯಲ್ಲಿ 100 ಗ್ರಾಂಗೆ 650ರಿಂದ 1000 ಮಿ.ಗ್ರಾಂ ಆಸುಪಾಸು ಸಿಗುತ್ತೆ, ತಳಿ ಮತ್ತು ಎಲೆಯ ವಯಸ್ಸಿನ ಮೇಲೆ ಏರುಪೇರು. 40 ಮಿ.ಗ್ರಾಂ ಕ್ಯಾಲ್ಸಿಯಂ 88 ಮಿ.ಗ್ರಾಂ ಆಕ್ಸಲೇಟನ್ನ ಕಟ್ಟಿಹಾಕುತ್ತೆ. ಅಂದ್ರೆ 136 ಮಿ.ಗ್ರಾಂ ಕ್ಯಾಲ್ಸಿಯಂಗೆ ಸುಮಾರು 300 ಮಿ.ಗ್ರಾಂ ಆಕ್ಸಲೇಟ್ ಸಾಕು. ಅಷ್ಟು ಪೂರೈಸಿ ಇನ್ನೂ ಮಿಗುತ್ತೆ. ಹುಟ್ಟೋ ಕ್ಯಾಲ್ಸಿಯಂ ಆಕ್ಸಲೇಟ್ ಕರುಳಿನಲ್ಲಿ ಕರಗಲ್ಲ, ಹೊರಗೆ ಹೋಗುತ್ತೆ. 1988ರಲ್ಲಿ ಪ್ರಕಟವಾದ ಅಳತೆಯಲ್ಲಿ ಹಾಲಿನ ಕ್ಯಾಲ್ಸಿಯಂ 27.6 ಶೇಕಡಾ ಮೈಗೆ ಹತ್ತಿದ್ರೆ ಪಾಲಕ್‌ದು ಬರೀ 5.1 ಶೇಕಡಾ. 136ರಲ್ಲಿ ಐದು ಶೇಕಡಾ ಅಂದ್ರೆ 7 ಮಿ.ಗ್ರಾಂ. ದಿನಕ್ಕೆ ಬೇಕಾದ್ದು 1000.

ದಂಟಿನವರು ಈಗಲೇ ಸೀಟಿ ಹೊಡೀಬೇಡಿ. ದಂಟಿನ ಸೊಪ್ಪಿನಲ್ಲೂ ಆಕ್ಸಲೇಟ್ ಅಷ್ಟೇ ಮಟ್ಟದಲ್ಲಿದೆ, ಹಳೆಯ ಅಮೆರಿಕನ್ ಪಟ್ಟಿಯಲ್ಲಿ 100 ಗ್ರಾಂಗೆ 1000 ದಾಟುತ್ತೆ. 209 ಅನ್ನೋ ಅಂಕಿಯನ್ನ 209 ಅಂತ ಎಣಿಸೋ ಹಾಗಿಲ್ಲ.

ಬಸ್ಸಾರುಭಕ್ತ:
ಸಾರ್, ಅಮೆರಿಕದ ಅಂಕಿ ಯಾಕೆ? ನಮ್ಮದೇ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕ ಇದೆಯಲ್ಲ. ಅದರಲ್ಲಿ ಹಸಿರು ದಂಟಿಗೆ ಕ್ಯಾಲ್ಸಿಯಂ 330, ಕಬ್ಬಿಣ 4.64, ಪಾಲಕ್‌ಗೆ ಕ್ಯಾಲ್ಸಿಯಂ 82, ಕಬ್ಬಿಣ 2.95. ಹಸಿ ಸೊಪ್ಪಿನ ಅಂಕಿ ಇದು, ಆದರೂ ಅಂತರ ನೋಡಿ. ಕಬ್ಬಿಣದಲ್ಲೂ ದಂಟೇ ಮೇಲು!

ರಸಾಯನಿ:
ಕಬ್ಬಿಣಕ್ಕೆ ಈ ಮಾತು ಒಪ್ಪುತ್ತೆ, ಕ್ಯಾಲ್ಸಿಯಂಗೆ ಅಲ್ಲ. ಕ್ಯಾಲ್ಸಿಯಂ 330 ಇದ್ದಾಗ 700 ಮಿ.ಗ್ರಾಂಗೂ ಹೆಚ್ಚು ಆಕ್ಸಲೇಟ್ ಅದನ್ನ ಪೂರ್ತಿ ಕಟ್ಟಬಲ್ಲದು, ದಂಟಿನಲ್ಲಿ ಅಷ್ಟು ಇರೋದು ಸಾಮಾನ್ಯ. ಎಲುಬಿಗೆ ಅಂತ ಸೊಪ್ಪು ಹುಡುಕೋರು ಇವೆರಡನ್ನೂ ಬಿಟ್ಟು ಮೆಂತ್ಯ ಸೊಪ್ಪು, ಮೂಲಂಗಿ ಸೊಪ್ಪು, ನವಿಲುಕೋಸಿನ ಎಲೆ ನೋಡಲಿ. ಆಕ್ಸಲೇಟ್ ಬಹಳ ಕಡಿಮೆ. ಕೋಸಿನ ಕುಟುಂಬದ ಎಲೆಗಳಿಂದ ಕ್ಯಾಲ್ಸಿಯಂ ಹಾಲಿನಷ್ಟೇ, ಕೆಲವದರಲ್ಲಿ ಹಾಲಿಗಿಂತ ಚೆನ್ನಾಗಿ ಹತ್ತುತ್ತೆ. ನವಿಲುಕೋಸಿನ ಎಲೆಯನ್ನ ಅಂಗಡಿಯಲ್ಲೇ ಮುರಿದು ಬಿಸಾಕಿಸಿ ಬರ್ತಾರೆ ಅನ್ನೋದು ಬೇರೆ ವಿಷಯ.

ಸೊಪ್ಪುಸಾಲು:
ಇಷ್ಟು ಹೊತ್ತು ಮಾತಾಡಿದ ಪಾಲಕ್ ಯಾವ ಪಾಲಕ್? ಅಮೆರಿಕದ ಕೋಷ್ಟಕದ ಸ್ಪಿನಾಚ್ ಸ್ಪಿನೇಸಿಯಾ ಒಲೆರೇಸಿಯಾ. ನಮ್ಮ ಬಯಲುಸೀಮೆಯ ಮಾರ್ಕೆಟ್ಟಿನಲ್ಲಿ ಬರೋ ಪಾಲಕ್ ಹೆಚ್ಚಿನಂಶ ಬೀಟಾ ವಲ್ಗಾರಿಸ್, ಅಂದ್ರೆ ಬೀಟ್‌ರೂಟ್ ಜಾತಿ. ಆಲ್ ಗ್ರೀನ್, ಪೂಸಾ ಜ್ಯೋತಿ, ಹೆಸರಘಟ್ಟದ ಅರ್ಕಾ ಅನುಪಮಾ ಇವೆಲ್ಲ ಅದೇ. ಎರಡೂ ಗಿಡದ ಕುಟುಂಬ ಒಂದೇ, ಜಾತಿ ಬೇರೆ.

ಗುರುತು ಹೀಗೆ. ಬೀಟ್ ಜಾತಿಯ ಪಾಲಕ್ ಎಲೆ ಉದ್ದ, ನಯ, ತೊಟ್ಟು ಉದ್ದ. ಕೊಯ್ದಷ್ಟೂ ಚಿಗುರುತ್ತೆ, ಹಾಗಾಗಿ ಕಟ್ಟಿನಲ್ಲಿ ಬೇರು ಇರಲ್ಲ. ಬೀಜ ಬೀಟ್‌ರೂಟಿನ ಹಾಗೆ ಬೆಂಡಿನಂಥ ಗಂಟು, ಒಂದು ಗಂಟಿನಿಂದ ಎರಡು ಮೂರು ಸಸಿ ಏಳುತ್ತೆ. ಸ್ಪಿನೇಸಿಯಾ ಎಲೆ ಬುಡದಲ್ಲಿ ಬಾಣದ ತುದಿಯ ಆಕಾರ ಅಥವಾ ಸುಕ್ಕುಸುಕ್ಕು, ಬೇರಿನ ಕುತ್ತಿಗೆ ಹತ್ತಿರ ಗುಲಾಬಿ ಬಣ್ಣ, ಬುಡ ಸಮೇತ ಕಿತ್ತು ಮಾರ್ತಾರೆ. ತಂಪು ಬೇಕು, ಬಿಸಿಲು ಏರಿದ್ರೆ ಬೇಗ ಹೂದಂಟು ಎತ್ತುತ್ತೆ. ಸೂಪರ್ ಮಾರ್ಕೆಟ್ಟಿನಲ್ಲಿ ಡಬ್ಬಿಯಲ್ಲಿ ಬರೋ 'ಬೇಬಿ ಸ್ಪಿನಾಚ್' ಇದು.

ದಂಟಿನಲ್ಲೂ ಇದೇ ಗೊಂದಲ. ಹಸಿರು ದಂಟು, ಕೆಂಪು ದಂಟು, ಕೀರೆ, ಕಾಳಿಗೆ ಬೆಳೆಯೋ ರಾಜಗಿರಿಯ ಎಲೆ, ಎಲ್ಲದಕ್ಕೂ ಅಮೆರಿಕದ ಕೋಷ್ಟಕದಲ್ಲಿ ಅಮರಾಂತ್ ಅನ್ನೋ ಒಂದೇ ಹಣೆಪಟ್ಟಿ.

ತಕ್ಕಡಿ_ಮುಳ್ಳು:
ಜಾತಿ ಬೇರೆ ಅಂದ್ರೆ ಅಂಕಿ ಎಷ್ಟು ಬದಲಾಗುತ್ತೆ?

ಪಥ್ಯದಡುಗೆ:
ಬೀಟ್ ಜಾತಿಯದೇ ಇನ್ನೊಂದು ಎಲೆ, ಬೀಟ್‌ರೂಟ್ ಸೊಪ್ಪು, ಬೇಯಿಸಿ ಬಸಿದದ್ದು 100 ಗ್ರಾಂಗೆ: ಕ್ಯಾಲ್ಸಿಯಂ 114, ಕಬ್ಬಿಣ 1.9, ಪೊಟ್ಯಾಸಿಯಂ 909, ಸೋಡಿಯಂ 241, ಫೋಲೇಟ್ 14. ಅದೇ ಜಾತಿಯ ಸ್ವಿಸ್ ಚಾರ್ಡ್: ಕಬ್ಬಿಣ 2.26, ಫೋಲೇಟ್ 9. ಇವು ನಮ್ಮ ಪಾಲಕ್ ಅಲ್ಲ, ದಾಯಾದಿಗಳು. ಆದರೆ ಸ್ಪಿನೇಸಿಯಾದ 146 ಮೈಕ್ರೋಗ್ರಾಂ ಫೋಲೇಟನ್ನ ಮಂಡಿಯಿಂದ ತಂದ ಯಾವ ಪಾಲಕ್ ಕಟ್ಟಿಗಾದ್ರೂ ಅಂಟಿಸಬಾರದು ಅನ್ನೋದಕ್ಕೆ ಇಷ್ಟು ಸಾಕು. ಗರ್ಭಿಣಿಯರಿಗೆ 'ಪಾಲಕ್ ತಿನ್ನಿ, ಫೋಲಿಕ್ ಆಸಿಡ್ ಮಾತ್ರೆ ಬೇಡ' ಅನ್ನೋ ಸಲಹೆ ಇಲ್ಲಿಗೇ ಬಿದ್ದುಹೋಯ್ತು. ಮಾತ್ರೆ ಮಾತ್ರೆಯೇ.

ವಿಟಮಿನ್ ಎ ಸಾಲಿಗೂ ಇದೇ ಗತಿ. ಅಮೆರಿಕದ್ದರಲ್ಲಿ ಪಾಲಕ್ ನಾಲ್ಕು ಪಟ್ಟು ಮುಂದೆ. ನಮ್ಮ ಹಳೆಯ ಭಾರತೀಯ ಕೋಷ್ಟಕದಲ್ಲಿ ಕ್ಯಾರೋಟಿನ್ (ಮೈಯಲ್ಲಿ ವಿಟಮಿನ್ ಎ ಆಗೋ ವಸ್ತು) ಪಾಲಕ್‌ಗೆ 5580, ಎಳೆ ದಂಟಿಗೆ 5520 ಮೈಕ್ರೋಗ್ರಾಂ, ಸರಿಸಮ. ಎರಡು ಸೊಪ್ಪಿನ ನಡುವಿನ ಅಂತರಕ್ಕಿಂತ ಎರಡು ಕೋಷ್ಟಕದ ನಡುವಿನ ಅಂತರ ದೊಡ್ಡದು.

ಕಡಕ್_ರೊಟ್ಟಿ:
ಏನ್ರೀ ಇದು, ಅಂಕಿ ಹಿಡಕೊಂಡ್ರ ಎಲ್ಲಾ ಬಿದ್ದೋಗಾಕತ್ತೈತಿ. ಕಬ್ಬಿಣದ ಮಾತ ಪೂರಾ ಮಾಡ್ರಿ. ನಮ್ಮ ಕಡೆ ರಾಜಗಿರಿ ಪಲ್ಯಾ ತಿಂದ್ರ ರಕ್ತ ಆಕ್ಕೈತಿ ಅಂತಾರ. ಹಳೇ ಪುಸ್ತಕದಾಗ 25 ಮಿ.ಗ್ರಾಂ ಅಂತನೂ ಅಚ್ಚಾಗೈತಿ.

ರಸಾಯನಿ:
ಆ 25.5 ಹಳೆಯ ಭಾರತೀಯ ಕೋಷ್ಟಕದ ಮೊದಲಿನ ಆವೃತ್ತಿಯ ಅಂಕಿ ರೀ, ಆಮೇಲೆ ಅದನ್ನ 3.49ಕ್ಕೆ ಇಳಿಸಿದರು. ಪಾಲಕ್ 10.9 ಇದ್ದದ್ದು 1.14ಕ್ಕೆ ಇಳೀತು. ಸೊಪ್ಪಿಗೆ ಅಂಟಿದ ಮಣ್ಣಲ್ಲಿ ಕಬ್ಬಿಣ ಧಾರಾಳ. ಸರಿಯಾಗಿ ತೊಳೆಯದೆ ಅರೆದು ಅಳೆದ್ರೆ ಮಣ್ಣಿನದೂ ಎಲೆಯ ಲೆಕ್ಕಕ್ಕೆ ಬೀಳುತ್ತೆ. ಇವತ್ತಿಗೂ ಬೇರೆ ಬೇರೆ ಕೋಷ್ಟಕದಲ್ಲಿ ಕಬ್ಬಿಣದ ಅಂಕಿ ಇಷ್ಟು ಓಲಾಡೋದಕ್ಕೆ ಮಣ್ಣೂ ಒಂದು ಕಾರಣ. ಅಂದ ಹಾಗೆ, ದಶಮಾಂಶ ಚುಕ್ಕೆ ತಪ್ಪಿ ಬಿದ್ದು ಪಾಲಕ್‌ಗೆ ಹತ್ತು ಪಟ್ಟು ಕಬ್ಬಿಣ ಬಂತು ಅಂತ ಒಂದು ಕಥೆ ಓಡಾಡುತ್ತಲ್ಲ, ಅದಕ್ಕೂ ಆಧಾರ ಇಲ್ಲ. ಸುಳ್ಳನ್ನ ಬಯಲು ಮಾಡೋಕೆ ಹುಟ್ಟಿದ ಇನ್ನೊಂದು ಸುಳ್ಳು.

ಲೆಕ್ಕ ಮಾಡೋಣ. 2020ರ ಭಾರತೀಯ ಶಿಫಾರಸಿನಂತೆ ವಯಸ್ಕ ಹೆಂಗಸರಿಗೆ ದಿನಕ್ಕೆ 29, ಗಂಡಸರಿಗೆ 19 ಮಿ.ಗ್ರಾಂ ಕಬ್ಬಿಣ. ಬೆಂದ ಸೊಪ್ಪು 150 ಗ್ರಾಂ ತಿಂದ್ರೆ ಪಾಲಕ್‌ನಿಂದ 5.4, ದಂಟಿನಿಂದ 3.4. ಎರಡೂ ಸಸ್ಯಮೂಲದ ಕಬ್ಬಿಣ, ಹತ್ತೋದು ಅದರಲ್ಲಿ ಅಲ್ಪ ಪಾಲು. ಆ ಪಾಲನ್ನ ಏರಿಸೋದು ವಿಟಮಿನ್ ಸಿ, ಇಳಿಸೋದು ಊಟದ ಜೊತೆಗಿನ ಚಹಾ ಕಾಫಿ. ಪಲ್ಯ ಒಲೆಯಿಂದ ಇಳಿಸಿ, ಹಬೆ ಆರಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಕುದಿಯೋವಾಗ ಹಿಂಡಿದ್ರೆ ಹುಳಿ ಉಳಿಯುತ್ತೆ, ವಿಟಮಿನ್ ಒಂದಿಷ್ಟು ಹೋಗುತ್ತೆ. ಚಹಾ ಊಟಕ್ಕೆ ಒಂದು ತಾಸು ಹಿಂದೆ ಅಥವಾ ಮುಂದೆ ಇರಲಿ. ಸೊಪ್ಪು ಯಾವುದು ಅನ್ನೋದಕ್ಕಿಂತ ಈ ಎರಡು ಅಭ್ಯಾಸದ ತೂಕ ಜಾಸ್ತಿ.

ಹರಿವೆಹುಳಿ:
ನಮ್ಮ ಕರಾವಳಿಯಲ್ಲಿ ಹರಿವೆ, ಅಂದರೆ ನಿಮ್ಮ ದಂಟಿನ ಸೊಪ್ಪು, ಎಲೆ ಮಾತ್ರ ಅಲ್ಲ ಮಾರಾಯ್ರೆ, ದಂಟೂ ಪದಾರ್ಥಕ್ಕೆ ಬೀಳ್ತದೆ. ಕೋಷ್ಟಕದ ಅಂಕಿ ಬರೀ ಎಲೆಯದ್ದು. ದಂಟಿನಲ್ಲಿ ನೀರು ಮತ್ತು ನಾರು ಜಾಸ್ತಿ. ಕ್ಯಾರೋಟಿನ್, ಫೋಲೇಟ್ ಎಲೆಯಲ್ಲಿ ಇರುವಷ್ಟು ಇಲ್ಲ. ಅರ್ಧ ದಂಟು ಅರ್ಧ ಎಲೆ ಹಾಕಿದ ಹುಳಿಗೆ ಎಲೆಯ ಅಂಕಿ ಪೂರ್ತಿ ಹಿಡಿದರೆ ಲೆಕ್ಕ ಸರಿ ಬರುವುದಿಲ್ಲ. ದಂಟು ಬಿಸಾಡಿ ಅಂತ ಅಲ್ಲ, ಅದರ ರುಚಿಯೇ ಬೇರೆ. ಬಲಿತ ದಂಟಿನ ಸಿಪ್ಪೆನಾರು ಬುಡದಿಂದ ತುದಿಗೆ ಎಳೆದು ತೆಗೀರಿ, ಎರಡು ಇಂಚಿನ ತುಂಡು ಮಾಡಿ, ಮೊದಲು ದಂಟು ಹತ್ತು ನಿಮಿಷ ಬೇಯಲಿ, ಮತ್ತೆ ಎಲೆ ಹಾಕಿ ನಾಲ್ಕೈದು ನಿಮಿಷ. ಒಟ್ಟಿಗೆ ಹಾಕಿದರೆ ದಂಟು ಬೇಯುವಷ್ಟರಲ್ಲಿ ಎಲೆ ಲೋಳೆ. ಹುಣಸೆಹುಳಿ ದಂಟು ಮೆತ್ತಗಾದ ಮೇಲೆಯೇ. ಹುಳಿ ಮೊದಲೇ ಬಿದ್ದರೆ ದಂಟು ಎಷ್ಟು ಹೊತ್ತು ಬೇಯಿಸಿದರೂ ಕಟಕಟ ಅಂತದೆ, ಬೇಳೆಯೂ ಹಾಗೆಯೇ.

ಮತ್ತೊಂದು, ಕೆಂಪು ಹರಿವೆಯ ನೀರು ಕೆಂಪಗೆ ಬರ್ತದೆ ಅಂತ ಅದು ರಕ್ತ ಮಾಡ್ತದೆ ಅನ್ನುವವರುಂಟು. ಆ ಕೆಂಪು ಬೀಟ್‌ರೂಟಿನ ಬಣ್ಣದ ಜಾತಿಯದ್ದು, ಬೀಟಾಸಯನಿನ್. ಕಬ್ಬಿಣಕ್ಕೂ ಅದಕ್ಕೂ ಸಂಬಂಧ ಇಲ್ಲ.

ಬಸ್ಸಾರುಭಕ್ತ:
ನೀರಿನ ಮಾತು ಬಂತಲ್ಲ, ಅಲ್ಲಿಗೇ ಬರ್ತೀನಿ. 'ಬೇಯಿಸಿ ಬಸಿದದ್ದು' ಅಂದ್ರೆ ಅವರ ಅಳತೆಯಲ್ಲಿ ನೀರು ಸಿಂಕಿಗೆ ಹೋಗಿದೆ. ನಮ್ಮಲ್ಲಿ ಬಸಿದ ಕಟ್ಟು ಸಾರಾಗುತ್ತೆ, ಸೊಪ್ಪು ಪಲ್ಯ ಆಗುತ್ತೆ. ಹಸಿ ಪಾಲಕ್‌ನಲ್ಲಿ ಫೋಲೇಟ್ 194, ಬಸಿದದ್ದರಲ್ಲಿ 146. ಪೊಟ್ಯಾಸಿಯಂ 558, ಬಸಿದದ್ದರಲ್ಲಿ 466. ಕಳೆದುಹೋದದ್ದರಲ್ಲಿ ದೊಡ್ಡ ಪಾಲು ಕಟ್ಟಿನಲ್ಲೇ ಇರುತ್ತೆ. ಬಸ್ಸಾರು ಮಾಡೋರಿಗೆ ಈ ಕೋಷ್ಟಕದ ನಷ್ಟ ಪೂರ್ತಿ ಅನ್ವಯಿಸಲ್ಲ.

ಅಳತೆ ಬೇಕಾದ್ರೆ: ಬಿಡಿಸಿದ ದಂಟಿನ ಸೊಪ್ಪು 300 ಗ್ರಾಂ, ತೊಗರಿಬೇಳೆ 100 ಗ್ರಾಂ, ನೀರು ಒಂದೂಕಾಲು ಲೀಟರ್. ಬೇಳೆ ಮುಕ್ಕಾಲು ಬೆಂದು, ಹಿಸುಕಿದ್ರೆ ಒಡೆಯೋ ಹಂತಕ್ಕೆ ಬಂದಾಗ ಸೊಪ್ಪು ಹಾಕಬೇಕು, ತಟ್ಟೆ ಮುಚ್ಚದೆ ಐದರಿಂದ ಏಳು ನಿಮಿಷ. ಬೇಳೆ ಕರಗಿಬಿಟ್ರೆ ಕಟ್ಟು ಮಂದವಾಗಿ ಬಸಿಯಲ್ಲ, ಪಲ್ಯ ಮುದ್ದೆಯಾಗುತ್ತೆ. ಬಸಿದ ಮೇಲೆ ಎರಡು ಹಿಡಿ ಸೊಪ್ಪು-ಬೇಳೆಯನ್ನ ಖಾರದ ಜೊತೆ ರುಬ್ಬಿ ಕಟ್ಟಿಗೆ ಸೇರಿಸಿ, ಉಳಿದದ್ದು ಒಗ್ಗರಣೆಗೆ. ಪಾಲಕ್‌ನಲ್ಲಿ ಇದನ್ನ ಮಾಡಿದ್ರೆ ಸೊಪ್ಪು ಎರಡು ಮೂರು ನಿಮಿಷ ಸಾಕು, ಅದಕ್ಕೂ ಹೆಚ್ಚಾದ್ರೆ ಪಲ್ಯದಲ್ಲಿ ಎಲೆ ಸಿಗಲ್ಲ.

ರಸಾಯನಿ:
ಒಪ್ಪಿದೆ, ಆದರೆ ಕಟ್ಟಿನ ಜೊತೆ ಬರೋ ಅತಿಥಿಯನ್ನೂ ಹೇಳಬೇಕು. ಆಕ್ಸಲೇಟ್ ಎರಡು ಬಗೆ: ನೀರಲ್ಲಿ ಕರಗೋದು, ಕರಗದೆ ಕ್ಯಾಲ್ಸಿಯಂ ಜೊತೆ ಗಟ್ಟಿಯಾಗಿ ಕೂತದ್ದು. ಕಿಡ್ನಿಯವರೆಗೆ ಹೆಚ್ಚು ಹೋಗೋದು ಕರಗೋ ಬಗೆ. ಧಾರಾಳ ನೀರಲ್ಲಿ ಕುದಿಸಿದ್ರೆ ಕರಗೋದರಲ್ಲಿ 30ರಿಂದ 87 ಶೇಕಡಾ ಇಳಿಯುತ್ತೆ ಅಂತ ಹಲವು ತರಕಾರಿಗಳ ಮೇಲಿನ ಅಳತೆ ಇದೆ, ಹಬೆಯಲ್ಲಿ ಬೇಯಿಸಿದ್ರೆ 5ರಿಂದ 53 ಅಷ್ಟೇ. ಇಳಿದದ್ದು ಎಲ್ಲಿಗೆ ಹೋಗುತ್ತೆ? ನಿಮ್ಮ ಕಟ್ಟಿಗೇ. ಬಸ್ಸಾರು ಅಂದ್ರೆ ಫೋಲೇಟೂ ಉಳೀತು, ಆಕ್ಸಲೇಟೂ ಉಳೀತು.

ಪಥ್ಯದಡುಗೆ:
ಇಲ್ಲಿ ಎಲ್ಲರಿಗೂ ಒಂದೇ ಸಲಹೆ ಆಗಲ್ಲ. ಕಿಡ್ನಿಯಲ್ಲಿ ಆಕ್ಸಲೇಟ್ ಕಲ್ಲು ಆಗಿ ವೈದ್ಯರು ಎಚ್ಚರಿಕೆ ಹೇಳಿದ್ದವರು ಪಾಲಕ್, ದಂಟು ಎರಡನ್ನೂ ಅಪರೂಪ ಮಾಡಬೇಕು. ತಿನ್ನೋದೇ ಆದ್ರೆ 250 ಗ್ರಾಂ ಸೊಪ್ಪಿಗೆ ಎರಡು ಲೀಟರ್ ಕುದಿಯೋ ನೀರು, ಮುಚ್ಚಳ ತೆಗೆದು ನಾಲ್ಕೈದು ನಿಮಿಷ, ಬಸಿದು ಮೆಲ್ಲಗೆ ಹಿಂಡಿ ನೀರು ಚೆಲ್ಲಿ. ಬೇಳೆ ಬೇರೆಯೇ ಬೇಯಲಿ. ಅದೇ ಊಟದಲ್ಲಿ ಒಂದು ಬಟ್ಟಲು ಮೊಸರು. ಮೊಸರಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನ ಹಿಡಿಯುತ್ತೆ, ರಕ್ತಕ್ಕೆ ಹೋಗೋದು ಕಡಿಮೆ. ಎರಡು ತಾಸು ಬಿಟ್ಟು ಮಜ್ಜಿಗೆ ಕುಡಿದ್ರೆ ಆ ಉಪಕಾರ ಇಲ್ಲ.

ಕಿಡ್ನಿ ಸೋತು ಪೊಟ್ಯಾಸಿಯಂ ಮಿತಿ ಇರೋರಿಗೂ ನೀರು ಚೆಲ್ಲೋದೇ ದಾರಿ, ಅದೂ ಅವರ ಆಹಾರತಜ್ಞರ ಅಳತೆಯೊಳಗೆ. ವಾರ್ಫರಿನ್ (ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಮಾತ್ರೆ, ವಿಟಮಿನ್ ಕೆ ಅದರ ಕೆಲಸಕ್ಕೆ ಅಡ್ಡ ಬರುತ್ತೆ) ತಗೊಳ್ಳೋರಿಗೆ ಎರಡು ಸೊಪ್ಪೂ ವಿಟಮಿನ್ ಕೆ ಗಣಿ: ಬೆಂದ ಪಾಲಕ್‌ನಲ್ಲಿ 100 ಗ್ರಾಂಗೆ 490 ಮೈಕ್ರೋಗ್ರಾಂ ದಾಟುತ್ತೆ, ಹಸಿ ದಂಟಿನ ಎಲೆಯಲ್ಲಿ 1140. ಪೂರ್ತಿ ಬಿಡೋದೂ ತಪ್ಪು, ಒಂದು ವಾರ ಬಿಟ್ಟು ಮುಂದಿನ ವಾರ ದಿನಾ ತಿನ್ನೋದು ಇನ್ನೂ ತಪ್ಪು. ವಾರವಾರಕ್ಕೂ ಪ್ರಮಾಣ ಒಂದೇ ಇರಬೇಕು, ಬದಲಾಯಿಸೋದಾದ್ರೆ ವೈದ್ಯರಿಗೆ ಮೊದಲೇ ತಿಳಿಸಬೇಕು.

ಇವು ಯಾವ ತೊಂದರೆಯೂ ಇಲ್ಲದವರು ಬಸ್ಸಾರನ್ನ ಧೈರ್ಯವಾಗಿ ಉಣ್ಣಿ.

ಕಡಕ್_ರೊಟ್ಟಿ:
ಹಂಗಾರ ಪಾಲಕ್ ಪನೀರ್ ತಿನಬಾರದು ಅಂತ ವಾಟ್ಸಾಪಿನಾಗ ಬರೋದು?

ಪಥ್ಯದಡುಗೆ:
ಅರ್ಧ ಸತ್ಯ ರೀ. ಪನೀರಿನ ಕ್ಯಾಲ್ಸಿಯಂ ಆ ಊಟದ ಕಬ್ಬಿಣ ಹತ್ತೋದನ್ನ ಸ್ವಲ್ಪ ತಡೆಯುತ್ತೆ, ನಿಜ. ಅದೇ ಕ್ಯಾಲ್ಸಿಯಂ ಪಾಲಕ್‌ನ ಆಕ್ಸಲೇಟನ್ನ ಹಿಡಿಯುತ್ತೆ, ಅದೂ ನಿಜ. ಕಬ್ಬಿಣಕ್ಕೋಸ್ಕರವೇ ತಿನ್ನೋದಾದ್ರೆ ಪಾಲಕ್-ಬೇಳೆ-ನಿಂಬೆ ಜೋಡಿ ವಾಸಿ. ರುಚಿಗೆ ತಿನ್ನೋದಾದ್ರೆ ಪನೀರ್ ಹಾಕ್ರಿ, ಏನೂ ಆಗಲ್ಲ.

ತಕ್ಕಡಿ_ಮುಳ್ಳು:
ವಿಟಮಿನ್ ಸಿ ಬಾಕಿ ಇದೆ. ದಂಟಿನಲ್ಲಿ ಹಸಿದು 43.3, ಬೆಂದದ್ದು 41.1, ಏನೂ ಹೋಗೇ ಇಲ್ಲ ಅನ್ನೋ ಹಾಗೆ. ಪಾಲಕ್‌ನಲ್ಲಿ 28ರಿಂದ 9.8ಕ್ಕೆ ಬಿದ್ದಿದೆ. ದಂಟಿನ ಎಲೆಗೆ ಏನಾದ್ರೂ ರಕ್ಷಣೆ ಇದೆಯಾ?

ರಸಾಯನಿ:
ಆ 41ನ್ನ ನೆಚ್ಚಿಕೊಂಡು ಅಡುಗೆ ಮಾಡಬೇಡಿ. ವಿಟಮಿನ್ ಸಿ ನೀರಿಗೆ ಇಳಿಯೋದು, ಕಾವಿಗೆ ಗಾಳಿಗೆ ಕೆಡೋದು ಎರಡು ಸೊಪ್ಪಿಗೂ ಒಂದೇ ನಿಯಮ. ಪಾಲಕ್ ಸಾಲು ಅಡುಗೆಮನೆಯ ಅನುಭವಕ್ಕೆ ಹತ್ತಿರ. ದಂಟು ಹಸಿಯಲ್ಲೇ ಮುಂದಿರೋದರಿಂದ ಬೆಂದ ಮೇಲೂ ಒಂದಿಷ್ಟು ಮುಂದೆ ಇರುತ್ತೆ ಅಂತಷ್ಟೇ ಇಟ್ಕೊಳ್ಳಿ.

ಉಳಿಸ್ಕೋಬೇಕಾದ್ರೆ ಕ್ರಮ ಮುಖ್ಯ. ಮೊದಲು ತೊಳೆದು ಆಮೇಲೆ ಹೆಚ್ಚೋದು. ಹೆಚ್ಚಿ ನೀರಲ್ಲಿ ನೆನೆಹಾಕಿದ್ರೆ ಒಲೆ ಹತ್ತಿಸೋ ಮೊದಲೇ ಹೋಯ್ತು. ನೀರು ಕುದಿಯೋಕೆ ಶುರುವಾದ ಮೇಲೆ ಸೊಪ್ಪು, ತಣ್ಣೀರಲ್ಲಿ ಹಾಕಿ ಕಾಯಿಸಬಾರದು. ಹಸಿರು ಬಣ್ಣಕ್ಕೆ ಅಂತ ಚಿಟಿಕೆ ಅಡುಗೆ ಸೋಡಾ ಹಾಕೋ ಚಾಳಿ ಹೋಟೆಲ್ಲುಗಳಲ್ಲಿದೆ. ಬಣ್ಣ ನಿಲ್ಲುತ್ತೆ, ವಿಟಮಿನ್ ಸಿ ಮತ್ತು ಬಿ1 ನಿಲ್ಲಲ್ಲ, ಎಲೆಯೂ ಲೋಳೆ. ಬಣ್ಣ ಬೇಕಾದ್ರೆ ಮೊದಲ ಎರಡು ನಿಮಿಷ ಮುಚ್ಚಳ ತೆಗೆದಿಡಿ, ಸೊಪ್ಪಿನ ಆವಿಯಾಗೋ ಆಮ್ಲ ಹೊರಗೆ ಹೋಗುತ್ತೆ. ಕುಕ್ಕರಿನಲ್ಲಿ ಆ ಆಮ್ಲ ಒಳಗೇ ಸಿಕ್ಕಿ ಪಾಲಕ್ ಪಾಚಿಬಣ್ಣಕ್ಕೆ ತಿರುಗುತ್ತೆ. ನೀರು ಕಡಿಮೆ ಹಾಕಿ, ಆ ನೀರನ್ನ ಬಳಸಿದ್ರೆ ಕುಕ್ಕರಿನಿಂದ ಪೋಷಕಾಂಶಕ್ಕೆ ಜನ ಹೆದರೋಷ್ಟು ಧಕ್ಕೆ ಇಲ್ಲ, ಕೆಡೋದು ಬಣ್ಣ.

ಸೊಪ್ಪುಸಾಲು:
ತೊಳೆಯೋದರ ಬಗ್ಗೆ ಒಂದು ಮಾತು. ಬೋಗುಣಿಯಲ್ಲಿ ಸೊಪ್ಪು ಅದ್ದಿ, ಅಲುಗಾಡಿಸಿ, ಸೊಪ್ಪನ್ನ ಮೇಲಕ್ಕೆ ಎತ್ತಬೇಕು, ಆಮೇಲೆ ನೀರು ಚೆಲ್ಲಬೇಕು. ಜಾಲರಿಗೆ ಬಗ್ಗಿಸಿದ್ರೆ ತಳಕ್ಕೆ ಕೂತ ಮರಳು ಮತ್ತೆ ಸೊಪ್ಪಿನ ಮೇಲೇ. ಬೋಗುಣಿಯ ತಳಕ್ಕೆ ಬೆರಳಾಡಿಸಿದಾಗ ಮರಳು ಸಿಗದೇ ಇರೋವರೆಗೂ, ಸಾಮಾನ್ಯವಾಗಿ ಮೂರು ನೀರು. ಪಾಲಕ್ ತೊಟ್ಟಿನ ಬುಡದ ಕಾಲುವೆಯಲ್ಲಿ ಮಣ್ಣು ಸೇರ್ಕೊಂಡಿರುತ್ತೆ, ಕಟ್ಟನ್ನ ಬಿಚ್ಚದೆ ತೊಳೆದ್ರೆ ಹೋಗಲ್ಲ.

ಬೇಸಿಗೆಯಲ್ಲಿ ದಂಟಿಗೆ ಹೋಗಿ. ಬಿಸಿಲಿಗೆ ಒಗ್ಗಿದ ಗಿಡ, ಬಿತ್ತಿದ 25-30 ದಿನಕ್ಕೆ ಎಳೆ ಸೊಪ್ಪು ಕೊಯ್ಲಿಗೆ ಬರುತ್ತೆ, ಮಾರ್ಕೆಟ್ಟಿಗೆ ಹೊಸದಾಗಿ ಸಿಗುತ್ತೆ. ಆ ಕಾಲದಲ್ಲಿ ಪಾಲಕ್ ದೂರದಿಂದ ಬಂದು ಬಾಡಿರುತ್ತೆ. ಬಾಡಿದ ಸೊಪ್ಪಿನಲ್ಲಿ ಕಬ್ಬಿಣ ಕ್ಯಾಲ್ಸಿಯಂ ಹಾಗೇ ಇರುತ್ತೆ, ವಿಟಮಿನ್ ಸಿ ಫೋಲೇಟ್ ಇಳಿದಿರುತ್ತೆ. ತುದಿಯಲ್ಲಿ ತೆನೆ ಕಾಣಿಸಿದ ದಂಟಿನ ಎಲೆ ಬಲಿತದ್ದು, ಬಿಡಿ.

ಹರಿವೆಹುಳಿ:
ಕ್ಯಾರೋಟಿನ್ ಹತ್ತಬೇಕಾದರೆ ಎಣ್ಣೆ ಬೇಕು ಅಂತ ಯಾರೂ ಹೇಳಲಿಲ್ಲ. ಒಬ್ಬರ ಪಾಲಿಗೆ ಒಂದು ಚಮಚ ತೆಂಗಿನೆಣ್ಣೆಯ ಒಗ್ಗರಣೆ ಅಥವಾ ಎರಡು ಚಮಚ ಕಾಯಿತುರಿ ಸಾಕು. ಉಪವಾಸಕ್ಕೆ ಅಂತ ಎಣ್ಣೆ ಮುಟ್ಟಿಸದೆ ಬರೀ ಬೇಯಿಸಿ ತಿನ್ನುವ ಸೊಪ್ಪಿನಲ್ಲಿ ವಿಟಮಿನ್ ಎ ಅಂಕಿ ಎಷ್ಟಿದ್ದರೂ ಮೈಗೆ ಹತ್ತುವುದು ಕಡಿಮೆ.

ಬಸ್ಸಾರುಭಕ್ತ:
ರಸಾಯನಿ ಸಾರ್, ಮುದ್ದೆ-ಬಸ್ಸಾರು ಜೋಡಿಗೆ ಒಂದು ಲೆಕ್ಕ ಕೊಡಿ. ರಾಗಿಯಲ್ಲಿ 100 ಗ್ರಾಂಗೆ 364 ಮಿ.ಗ್ರಾಂ ಕ್ಯಾಲ್ಸಿಯಂ ಇದೆಯಲ್ಲ. ಮೊಸರು ಮಾಡೋ ಕೆಲಸವನ್ನ ಮುದ್ದೆ ಮಾಡುತ್ತಾ?

ರಸಾಯನಿ:
ಕಾಗದದ ಮೇಲೆ 364 ಮಿ.ಗ್ರಾಂ ಕ್ಯಾಲ್ಸಿಯಂ 800 ಮಿ.ಗ್ರಾಂ ಆಕ್ಸಲೇಟನ್ನ ಹಿಡಿಯಬೇಕು. ಹೊಟ್ಟೆಯಲ್ಲಿ ಅಷ್ಟಾಗಲ್ಲ, ರಾಗಿಯ ಕ್ಯಾಲ್ಸಿಯಂನ ಒಂದು ಪಾಲು ಅದರದೇ ಫೈಟೇಟ್ (ಕಾಳಿನಲ್ಲಿರೋ, ಖನಿಜಗಳಿಗೆ ಅಂಟಿಕೊಳ್ಳೋ ಅಂಶ) ಹಿಡಿತದಲ್ಲಿರುತ್ತೆ. ಮೊಸರಿನಷ್ಟು ನೆಚ್ಚೋ ಹಾಗಿಲ್ಲ, ಏನೂ ಇಲ್ಲ ಅನ್ನೋ ಹಾಗೂ ಇಲ್ಲ. ಇನ್ನೊಂದು ಮುಖ ನೋಡಿ: ಆಕ್ಸಲೇಟಿಗೆ ಸಿಕ್ಕಿದ ರಾಗಿಯ ಕ್ಯಾಲ್ಸಿಯಂ ಎಲುಬಿಗೆ ಬರಲ್ಲ. ರಾಗಿಯನ್ನ ಕ್ಯಾಲ್ಸಿಯಂಗೆ ಅಂತಲೇ ಉಣ್ಣೋರು ಮುದ್ದೆಗೆ ವಾರದಲ್ಲಿ ಕೆಲವು ದಿನ ಮೆಂತ್ಯ ಸೊಪ್ಪಿನ ಸಾರು ಮಾಡ್ಕೊಳ್ಳಲಿ, ದಂಟು-ಪಾಲಕ್ ಅನ್ನದ ದಿನಕ್ಕೆ ಇರಲಿ.

ಕಡಕ್_ರೊಟ್ಟಿ:
ಕಡೀಗೆ ಒಂದ. ಮುಂಜಾನಿ ಮಾಡಿದ ಪಲ್ಯಾ ರಾತ್ರಿಗೆ ಇಟ್ರ ವಿಷ ಆಕ್ಕೈತಿ ಅಂತಾರ, ಖರೇನ?

ಪಥ್ಯದಡುಗೆ:
ಎರಡೂ ಸೊಪ್ಪಿನಲ್ಲಿ ನೈಟ್ರೇಟ್ ಜಾಸ್ತಿ. ಬೆಂದ ಸೊಪ್ಪು ಹೊರಗೆ ಬೆಚ್ಚಗೆ ಬಿದ್ದಿದ್ರೆ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡ್ತಾವೆ. ದೊಡ್ಡವರಿಗೆ ಅಷ್ಟು ಭಯ ಇಲ್ಲ, ಕೂಸುಗಳಿಗೆ ಇದೆ. ಮಾಡಿದ ಎರಡು ತಾಸಿನೊಳಗೆ ಅಗಲ ಡಬ್ಬಿಯಲ್ಲಿ ಫ್ರಿಜ್ಜಿಗೆ ಇಡ್ರಿ, ಮರುದಿನದೊಳಗೆ ಮುಗಿಸ್ರಿ, ಬೇಕಾದಷ್ಟೇ ತೆಗೆದು ಒಂದೇ ಸಲ ಕುದಿ ಬರೋ ಹಾಗೆ ಬಿಸಿ ಮಾಡ್ರಿ. ಬಸಿದ ಕಟ್ಟಿಗೂ ಇದೇ ನಿಯಮ, ಅದು ಪಲ್ಯಕ್ಕಿಂತ ಬೇಗ ಹಳಸುತ್ತೆ. ಹೊಸದಾಗಿ ಊಟ ಕಲಿಯೋ ಕೂಸಿಗೆ ಸೊಪ್ಪಿನ ಗಂಜಿ ಆಗಿಂದಾಗ್ಗೆ ಮಾಡಿದ್ದೇ ಆಗಬೇಕು, ಮಿಕ್ಕಿದ್ದು ದೊಡ್ಡವರಿಗೆ.